‘ಗಳೆ’ ಎಂಬ ಅಳತೆಯ ಮಾತು

ಕನ್ನಡ ಶಾಸನಗಳ ಭೂದಾನ ಪ್ರಕರಣಗಳಲ್ಲಿ ‘ಗಳೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ಬಿದಿರಿನ ಕೋಲು ಎಂಬುದು ಇದರ ಮೂಲಾರ್ಥ. ತಮಿಳಿನ ‘ಕಳೈ’, ತೆಲುಗಿನ ‘ಗಡ’ ಇದರ ಜ್ಞಾತಿಪದಗಳು. ಅಳೆಯುವ ಸಾಧನದ ಹೆಸರೇ ಅಳತೆಗೂ ನಿಂತಿತು. ಆದರೆ ಗಳೆಯ ಉದ್ದವು ನಾಡಿನಾದ್ಯಂತ ಒಂದೇ ಆಗಿರಲಿಲ್ಲ. ಬಳ್ಳಿಗಾವೆಯಲ್ಲಿ ಚಾವುಂಡರಾಯರಸನು 1047ರಲ್ಲಿ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದನು. ಆ ಹೆಸರನ್ನೇ ಹೊತ್ತ ‘ಭೇರುಂಡ ಗಳೆ’ ಅಲ್ಲಿಯ ಶಾಸನಗಳಲ್ಲಿ ದೊರೆಯುತ್ತದೆ. ಆದುದರಿಂದ ಗಳೆಯನ್ನು ಗಮನಿಸದೆ, ಬರಿಯ ಮತ್ತರುಗಳ ಸಂಖ್ಯೆಯನ್ನು ಹೋಲಿಸಿ, ಒಂದು ದೇವಾಲಯದ ದತ್ತಿಯು ದೊಡ್ಡದು, ಇನ್ನೊಂದರದು ಚಿಕ್ಕದು ಎಂದು ನಿರ್ಣಯಿಸುವುದು ಸಾಧುವಲ್ಲ. ಮಧುಗಿರಿ, ಸಿರಾ, ಪಾವಗಡಗಳ ಪಹಣಿಗಳಲ್ಲಿ ಇಂದು ಕಾಣುವ ಗುಂಟೆಯಾದರೋ ನಿಶ್ಚಿತವಾದುದು: 33 ಅಡಿ ಉದ್ದ, 33 ಅಡಿ ಅಗಲ, ಅಂಥ 40 ಗುಂಟೆಗೆ ಒಂದು ಎಕರೆ. ಶಾಸನದ ಮತ್ತರಿಗೆ ಈ ನಿಶ್ಚಯವಿಲ್ಲ. ಅಲ್ಲಿ ಮೊದಲು ವಿಚಾರಿಸಬೇಕಾದುದು ಭೂಮಿ ಎಷ್ಟೆಂಬುದನ್ನಲ್ಲ, ಯಾವ ಗಳೆಯಿಂದ ಅಳೆದರೆಂಬುದನ್ನು.