ಅನಿಮೆಯ ಪ್ರೇಮಕಥೆ, ನಮ್ಮ ಹೂವಿನ ಮರದ ಕಥೆ

ತೇನಿ, ಕಂಬಂ, ದಿಂಡಿಗಲ್ ಕಡೆಯ ನಮ್ಮ ಮನೆಗಳಲ್ಲಿ ಮಕ್ಕಳು ಫೋನಿನಲ್ಲಿ ನೋಡುವ ಜಪಾನಿನ ಅನಿಮೆಯನ್ನು ಬರೀ ಕಾರ್ಟೂನು ಎಂದು ತಳ್ಳಿಹಾಕುವ ಹಿರಿಯರಿಗಾಗಿ ಈ ಟಿಪ್ಪಣಿ.

ಮಕೊಟೊ ಶಿಂಕಾಯ್ ನಿರ್ದೇಶಿಸಿದ ‘ವೆದರಿಂಗ್ ವಿತ್ ಯು’ 2019ರ ಚಿತ್ರ. ಅದೇ ಅಕ್ಟೋಬರಿನಲ್ಲಿ ಭಾರತದ ಚಿತ್ರಮಂದಿರಗಳಿಗೂ ಬಂತು. ಹೀನಾ ಎಂಬ ಹುಡುಗಿ ಪ್ರಾರ್ಥಿಸಿದರೆ ಮಳೆ ನಿಂತು ಬಿಸಿಲು ಬರುತ್ತದೆ. ಹೊದಾಕಾ ಎಂಬ ಹುಡುಗ ಅದನ್ನೇ ಸಂಪಾದನೆಯ ದಾರಿ ಮಾಡಿಕೊಡುತ್ತಾನೆ. ಬಿಸಿಲು ತಂದಷ್ಟೂ ಅವಳ ಮೈ ನೀರಿನಂತೆ ತಿಳಿಯಾಗುತ್ತಾ ಹೋಗಿ, ಒಂದು ದಿನ ಅವಳೇ ಮಾಯವಾಗುತ್ತಾಳೆ. ತನ್ನ ತಪ್ಪು ಅರಿತ ಹುಡುಗ ಅವಳನ್ನು ಮರಳಿ ತರುತ್ತಾನೆ. ಟೋಕಿಯೋದಲ್ಲಿ ಮಾತ್ರ ವರ್ಷಗಟ್ಟಲೆ ಮಳೆ ನಿಲ್ಲದೆ ಊರೇ ಮುಳುಗತೊಡಗುತ್ತದೆ. ಕಂಬಂ ದ್ರಾಕ್ಷಿತೋಟದವರು ಇದನ್ನು ಸುಲಭವಾಗಿ ಒಪ್ಪಲಾರರು, ನಮಗೂ ಅನುಮಾನವಿದೆ.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡ ಜನಪದ ಕಥೆಯೊಂದು ಇದಕ್ಕೆ ಬಹಳ ಹತ್ತಿರ. ಬಿಂದಿಗೆ ನೀರು ಹೊಯ್ದರೆ ಬಡ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ಎಲೆ, ಕೊಂಬೆ ನೋಯದಂತೆ ಹೂ ಬಿಡಿಸಿ ಮತ್ತೆ ನೀರು ಹೊಯ್ದರೆ ಹುಡುಗಿಯಾಗುತ್ತಾಳೆ. ಮದುವೆಯಾದ ರಾಜಕುಮಾರನಿಗೆ ದಿನಾ ಆ ಹೂ ಬೇಕು. ಗುಟ್ಟು ತಿಳಿದ ನಾದಿನಿ ಗೆಳತಿಯರೊಡನೆ ಕೊಂಬೆ ಮುರಿದು ಬಿಟ್ಟುಹೋಗುತ್ತಾಳೆ. ಕೈಕಾಲಿಲ್ಲದ ಮುಂಡವಷ್ಟೇ ಉಳಿಯುತ್ತದೆ. ಕೊನೆಗೆ ಗಂಡನೇ ನೀರು ಹೊಯ್ದು, ಮುರಿದ ಕೊಂಬೆಗಳನ್ನು ಜೋಡಿಸಿ ಕಟ್ಟಬೇಕಾಗುತ್ತದೆ. ಹೂ ಕೇಳಿದವನೂ ಅವನೇ ತಾನೆ! ಗಿರೀಶ್ ಕಾರ್ನಾಡರ ಹಿಂದಿ ಚಿತ್ರ ‘ಚೆಲುವಿ’ಗೆ (1992) ಇದೇ ಕಥೆ ಆಧಾರ.

ನಿಮ್ಮ ಮನೆಯ ಅಜ್ಜಿಯರಿಗೆ ಈ ಕಥೆ ಬೇರೆ ರೀತಿಯಲ್ಲಿ ಗೊತ್ತಿದ್ದರೆ ದಯವಿಟ್ಟು ಸಂಘಕ್ಕೆ ಬರೆದು ಕಳುಹಿಸಿ. ಮಕ್ಕಳ ಪಕ್ಕ ಕೂತು ಹೇಳಿದರೆ ಇನ್ನೂ ಸಂತೋಷ.