ನಡುವಿನ ಸ್ಪೀಕರ್ ಎಲ್ಲಿಂದ ಬಂತು?

ಮೊದಲ ಸಲ ಹೋಮ್ ಥಿಯೇಟರ್ ಕೊಳ್ಳಲು ಹೊರಟವರನ್ನು ಅಂಗಡಿಯಲ್ಲಿ ಕಂಗೆಡಿಸುವುದು ಅಂಕಿಗಳು: 2.1, 3.1, 5.1, 7.1. ಲೆಕ್ಕ ಕೈಮೀರಿದಾಗ ಮೊದಲು ಬಿಡಬಹುದು ಎನಿಸುವುದು ಟಿ.ವಿ. ಕೆಳಗೆ ಅಡ್ಡಲಾಗಿ ಇಡುವ ಸೆಂಟರ್ ಸ್ಪೀಕರ್. ಎಡಕ್ಕೊಂದು ಬಲಕ್ಕೊಂದು ಇರುವಾಗ ನಡುವೆ ಮತ್ತೊಂದೇಕೆ? ಉತ್ತರಕ್ಕೆ ಸುಮಾರು ತೊಂಬತ್ತು ವರ್ಷ ಹಿಂದೆ ಹೋಗಬೇಕು.

1933ರ ಏಪ್ರಿಲ್ 27ರಂದು ಅಮೆರಿಕದ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು ಫಿಲಡೆಲ್ಫಿಯಾದಲ್ಲಿ ನುಡಿಯುತ್ತಿದ್ದ ವಾದ್ಯವೃಂದವನ್ನು ಟೆಲಿಫೋನ್ ತಂತಿಗಳ ಮೂಲಕ ವಾಷಿಂಗ್ಟನ್ನಿನ ಸಭಾಂಗಣದಲ್ಲಿ ಕೇಳಿಸಿದರು. ಅಲ್ಲಿನ ವೇದಿಕೆಯಲ್ಲಿ ವಾದಕರ ಬದಲು ಮೂರು ಧ್ವನಿವರ್ಧಕಗಳಿದ್ದವು. ಸರಿಯಾಗಿ ನಡುವೆ ಕುಳಿತವನಿಗೆ ಎರಡೇ ಸಾಕು; ಎರಡರಿಂದಲೂ ಸಮನಾಗಿ ಬಂದ ದನಿ ಮಧ್ಯದಿಂದ ಬಂದಂತೆ ಕೇಳುತ್ತದೆ. ಆದರೆ ಪಕ್ಕಕ್ಕೆ ಕುಳಿತವನಿಗೆ ಹತ್ತಿರದ ಸ್ಪೀಕರಿನ ದನಿ ಮೊದಲು ತಲುಪುವುದರಿಂದ ಎಲ್ಲವೂ ಆ ಮೂಲೆಯಿಂದಲೇ ಬಂದಂತೆ ಭಾಸವಾಗುತ್ತದೆ. ಸಭೆಯಲ್ಲಿ ಎಲ್ಲರೂ ನಡುವೆ ಕೂರಲಾರರು. ಅದಕ್ಕೇ ಮೂರನೆಯದು.

ಚಿತ್ರಮಂದಿರಗಳು ಈ ಪಾಠ ಕಲಿತವು. 1940ರ ಡಿಸ್ನಿ ಚಿತ್ರ 'ಫ್ಯಾಂಟೇಸಿಯಾ' ಮೂರು ಧ್ವನಿಪಥಗಳಲ್ಲಿ ಬಂತು. 1953ರ ಮೊದಲ ಸಿನಿಮಾಸ್ಕೋಪ್ ಚಿತ್ರ 'ದಿ ರೋಬ್' ತೆರೆಯ ಹಿಂದೆ ಮೂರು ಪಥಗಳನ್ನು ಇಟ್ಟುಕೊಂಡು, ಪ್ರೇಕ್ಷಕರ ಸುತ್ತ ನಾಲ್ಕನೆಯದನ್ನು ಸೇರಿಸಿತು.

ಮನೆಯ ಕಥೆ ಬೇರೆಯಾಯಿತು. 1950ರ ದಶಕದ ಕೊನೆಗೆ ಬಂದ ಸ್ಟೀರಿಯೋ ಗ್ರಾಮಫೋನ್ ತಟ್ಟೆಯ ಗೀರಿಗೆ ಇದ್ದದ್ದು ಎರಡು ಗೋಡೆ. ಒಂದೊಂದು ಗೋಡೆಗೆ ಒಂದೊಂದು ಪಥ. ಹೀಗೆ ಮನೆಗೆ ಎರಡು ಸ್ಪೀಕರ್ ಕಾಯಂ ಆದವು, ನಡುವಿನದು ಹೊರಗೇ ಉಳಿಯಿತು. ರೇಡಿಯೋ ಹಿಡಿಯುವ ಟ್ಯೂನರನ್ನೂ ಆಂಪ್ಲಿಫೈಯರನ್ನೂ ಒಂದೇ ಪೆಟ್ಟಿಗೆಯಲ್ಲಿ ಕೂಡಿಸಿದ್ದಕ್ಕೆ 'ರಿಸೀವರ್' ಎಂಬ ಹೆಸರು. ರೇಡಿಯೋ ಕೇಳುವವರು ಕಡಿಮೆಯಾದರೂ ಹೆಸರು ಉಳಿದಿದೆ.

ನಮ್ಮಲ್ಲಿ ಸುತ್ತುವರಿಯುವ ಧ್ವನಿಯ ರುಚಿ ಹತ್ತಿಸಿದ ಚಿತ್ರಗಳಲ್ಲಿ ದೊಡ್ಡದು 1975ರ 'ಶೋಲೆ'. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣಗೊಂಡು, ಮುಂಬೈಯ ಮಿನರ್ವಾದಲ್ಲಿ 70 ಎಂ.ಎಂ. ತೆರೆ, ಸ್ಟೀರಿಯೋಫೋನಿಕ್ ಧ್ವನಿಯೊಂದಿಗೆ ವರ್ಷಗಟ್ಟಲೆ ಓಡಿತು. ನಾಣ್ಯ ಬಿದ್ದ ಸದ್ದಿಗೆ ಜನ ಕುರ್ಚಿಯ ಕೆಳಗೆ ಹುಡುಕಿದರೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಚಿತ್ರಮಂದಿರವನ್ನೂ ಮನೆಯನ್ನೂ ಜೋಡಿಸಿದ್ದು ಡಾಲ್ಬಿ. 1970ರ ದಶಕದಲ್ಲಿ ಅದು ನಾಲ್ಕು ಪಥಗಳನ್ನು ಎರಡರೊಳಗೆ ಮಡಚಿಡುವ ಉಪಾಯ ತಂದಿತು. 1977ರ 'ಸ್ಟಾರ್ ವಾರ್ಸ್' ಅದನ್ನು ಜನಪ್ರಿಯಗೊಳಿಸಿತು. ಅದೇ ಎರಡು ಪಥ ಸ್ಟೀರಿಯೋ ವಿಡಿಯೋ ಟೇಪಿನಲ್ಲೂ ಮನೆಗೆ ಬಂದವು. ಬಿಡಿಸುವ ಯಂತ್ರ ಬೇಕಿತ್ತಷ್ಟೆ. 1982ರ ಡಾಲ್ಬಿ ಸರೌಂಡ್ ಹಿಂದಿನ ಪಥವನ್ನು ಬಿಡಿಸಿತು. 1987ರ ಪ್ರೋ ಲಾಜಿಕ್ ನಡುವಿನದನ್ನೂ ಬಿಡಿಸಿ ಮನೆಗೆ ಮರಳಿಸಿತು. 1992ರ 'ಬ್ಯಾಟ್‌ಮನ್ ರಿಟರ್ನ್ಸ್' ಡಾಲ್ಬಿ ಡಿಜಿಟಲ್ಲಿನಲ್ಲಿ ಬಂತು. ಮುಂದೆ ಡಿವಿಡಿಯೊಂದಿಗೆ 5.1 ಮನೆಮಾತಾಯಿತು. ಆ '.1' ಎಂದರೆ ಸುಮಾರು 120 ಹರ್ಟ್ಸ್‌ವರೆಗಿನ ಗುಡುಗುಗಳಿಗಷ್ಟೇ ಮೀಸಲಾದ ಪಥ.

ಈ ಇತಿಹಾಸವೇ ಕೊಳ್ಳುವವರಿಗೆ ದಾರಿ ತೋರಿಸುತ್ತದೆ. ಚಿತ್ರದ ಮಾತು ಬಹುಪಾಲು ಬರುವುದು ನಡುವಿನ ಪಥದಿಂದ. ಆದ್ದರಿಂದ ಮುಂದಿನ ಮೂರು ಸ್ಪೀಕರುಗಳು ಒಂದೇ ಕಂಪನಿಯ ಒಂದೇ ಸರಣಿಯವಾಗಿರಲಿ, ಹಣ ಮೊದಲು ಅಲ್ಲಿಗೇ ಹೋಗಲಿ. ಹಿಂದಿನವು ಚಿಕ್ಕವಾದರೂ ನಡೆದೀತು, ಅವನ್ನು ಮುಂದಿನ ವರ್ಷಕ್ಕೂ ಬಿಡಬಹುದು. ರಿಸೀವರಿನಲ್ಲಿ ಐದು ಸ್ಪೀಕರಿಗೂ ಸಬ್‌ವೂಫರಿಗೂ ಜಾಗವಿರಲಿ. ನಿಮ್ಮ ಸ್ಪೀಕರುಗಳ ಓಮ್ ಸಂಖ್ಯೆಗೆ ಅದು ಹೊಂದುತ್ತದೆಯೇ ನೋಡಿ. ಒಬ್ಬರೇ ನಡುವೆ ಕೂತು ನೋಡುವವರಾದರೆ ಎರಡು ಒಳ್ಳೆಯ ಸ್ಪೀಕರೇ ಸಾಕು. ಮನೆಮಂದಿಯೆಲ್ಲ ಸೋಫಾದ ತುಂಬ ಕೂರುವುದಾದರೆ ಸಾಲದು.

ಇನ್ನೊಂದು ಮಾತು. 1960-70ರ ದಶಕಗಳ ಕನ್ನಡ ಚಿತ್ರಗಳು ಬಹುತೇಕ ಒಂದೇ ಧ್ವನಿಪಥದವು. ರಿಸೀವರಿನ ಸರೌಂಡ್ ಡಿಕೋಡರ್ ಹಾಕಿದರೆ, ಎಡಬಲಗಳಲ್ಲಿ ಒಂದೇ ತೆರನಾಗಿರುವ ಆ ದನಿಯನ್ನು ಅದು ನಡುವಿನ ಸ್ಪೀಕರಿಗೇ ಕಳಿಸುತ್ತದೆ. ಪುಣೆಯಲ್ಲೋ ದೆಹಲಿಯಲ್ಲೋ ವಯಸ್ಸಾದ ಅಪ್ಪ ಅಮ್ಮನ ಜೊತೆ ಕೂತು ಹಳೆಯ ಚಿತ್ರ ಹಾಕಿದಾಗ ರಾಜ್‌ಕುಮಾರರ ಮಾತು ಹೊರಡುವುದು ಅಂಗಡಿಯಲ್ಲಿ ಬೇಡವೆನಿಸಿದ ಆ ಪೆಟ್ಟಿಗೆಯಿಂದಲೇ.