ಚಿಟಿಕೆ ಮೆಗ್ನೀಷಿಯಾ

ಮಾಣಿಕ್ಯವೂ ಸ್ಕೂಟರಿನ ಸ್ಪಾರ್ಕ್ ಪ್ಲಗ್ಗಿನ ಬಿಳಿ ಪಿಂಗಾಣಿಯೂ ಮೂಲತಃ ಒಂದೇ ವಸ್ತು: ಅಲ್ಯುಮಿನಾ, ಅಂದರೆ ಅಲ್ಯುಮಿನಿಯಂ ಆಕ್ಸೈಡ್. ಮಣಿಯೊಳಗೆ ಬೆಳಕು ಹಾಯುತ್ತದೆ, ಪ್ಲಗ್ಗಿನೊಳಗೆ ಹಾಯುವುದಿಲ್ಲ. ಈ ವ್ಯತ್ಯಾಸದ ಬೆನ್ನು ಹತ್ತಿದವರ ಕತೆ ನನಗೆ ಬಹಳ ಇಷ್ಟ.

ಅಲ್ಯುಮಿನಾ ಪುಡಿಯನ್ನು ಒತ್ತಿ, ಕರಗದಂತೆ ನೋಡಿಕೊಂಡು ಬಹಳ ಹೊತ್ತು ಸುಟ್ಟರೆ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಇದೇ ಸಿಂಟರಿಂಗ್, ಕುಂಬಾರರ ಆವಿಗೆಯ ದೂರದ ನೆಂಟ. 1950ರ ದಶಕದಲ್ಲಿ ಅಮೆರಿಕದ ಸ್ಕೆನೆಕ್ಟಡಿಯ ಜನರಲ್ ಎಲೆಕ್ಟ್ರಿಕ್ ಪ್ರಯೋಗಾಲಯದಲ್ಲಿದ್ದ ಜೋಸೆಫ್ ಬರ್ಕ್ ಒಂದು ಸಂಗತಿಯನ್ನು ಎತ್ತಿ ತೋರಿಸಿದರು. ಎರಡು ಹರಳುಗಳ ನಡುವಿನ ಗಡಿಯಲ್ಲಿರುವ ರಂಧ್ರಗಳು ಮುಚ್ಚಿಹೋಗುತ್ತವೆ; ಹರಳಿನ ಹೊಟ್ಟೆಯೊಳಗೆ ಸಿಕ್ಕಿಕೊಂಡವು ಉಳಿದುಬಿಡುತ್ತವೆ. ರಂಧ್ರ ತುಂಬಬೇಕಾದ ಪರಮಾಣುಗಳು ಬರುವುದು ಗಡಿಯಿಂದ. ಗಡಿ ದೂರವಾದರೆ ದಾರಿಯೂ ದೂರ.

ಕಾವು ಏರಿಸಿದರೆ ಬೇಗ ಗಟ್ಟಿಯಾದೀತು ಎನ್ನುವುದು ಸಹಜ ಲೆಕ್ಕ. ಆದರೆ ಅದೇ ಕಾವಿಗೆ ಕೆಲವು ಹರಳುಗಳು ಪಕ್ಕದವನ್ನು ನುಂಗುತ್ತಾ ದಿಢೀರನೆ ಬೆಳೆಯುತ್ತವೆ. ಅವುಗಳ ಗಡಿಗಳು ರಂಧ್ರಗಳನ್ನು ಹಿಂದೆ ಬಿಟ್ಟು ಮುಂದೆ ಓಡುತ್ತವೆ. ಬೆಳಕನ್ನು ಚದುರಿಸಿ ಪಿಂಗಾಣಿಯನ್ನು ಬೆಳ್ಳಗಾಗಿಸುವುದು ಹೀಗೆ ಉಳಿದ ರಂಧ್ರಗಳೇ.

ಅದೇ ಪ್ರಯೋಗಾಲಯದ ರಾಬರ್ಟ್ ಕೋಬಲ್ ಪುಡಿಗೆ ಶೇಕಡಾ ಕಾಲು ಭಾಗದಷ್ಟು ಮೆಗ್ನೀಷಿಯಾ ಬೆರೆಸಿದರು. ಸಾರಿಗೆ ಹಾಕುವ ಉಪ್ಪಿಗಿಂತಲೂ ಕಡಿಮೆ! ಹರಳುಗಳ ಆತುರ ನಿಂತಿತು. ಆದರೂ ಗಾಳಿಯಲ್ಲಿ ಸುಟ್ಟರೆ ಸಾಲದು. ಮುಚ್ಚಿಕೊಳ್ಳುತ್ತಿರುವ ರಂಧ್ರದಲ್ಲಿ ನೈಟ್ರೋಜನ್ ಸಿಕ್ಕಿಬೀಳುತ್ತದೆ, ಅದಕ್ಕೆ ಹೊರಹೋಗಲು ದಾರಿಯಿಲ್ಲ. ಆರ್ಗಾನಿನದೂ ಇದೇ ಪಾಡು. ಹೈಡ್ರೋಜನ್ ಮಾತ್ರ ಘನವಸ್ತುವಿನೊಳಗಿಂದಲೇ ನುಸುಳಿಕೊಳ್ಳುತ್ತದೆ. ನಿರ್ವಾತವೂ ಆದೀತು, ಆಮ್ಲಜನಕವೂ ಆದೀತು. ಹೈಡ್ರೋಜನ್ ತುಂಬಿದ ಕುಲುಮೆಯಿಂದ ಬಂದದ್ದು ಬೆಳಕು ಹಾಯುವ ಪಿಂಗಾಣಿ. ಅದಕ್ಕೆ ಲ್ಯೂಕಲಾಕ್ಸ್ ಎಂದು ಹೆಸರಿಟ್ಟರು; ಕೋಬಲ್‌ಗೆ 1962ರಲ್ಲಿ ಪೇಟೆಂಟ್ ಸಿಕ್ಕಿತು.

ಇಂಥದ್ದನ್ನು ಅದೃಷ್ಟದ ಆಟವೆಂದು ಹೇಳಿ ಮುಗಿಸುವುದು ಸುಲಭ, ನಾನು ಒಪ್ಪುವುದಿಲ್ಲ. ಏನನ್ನು ತಡೆಯಬೇಕು ಎಂಬುದು ಮೊದಲೇ ಗೊತ್ತಿತ್ತು. ಮೆಗ್ನೀಷಿಯಾ ಅದನ್ನು ಹೇಗೆ ತಡೆಯುತ್ತದೆ ಎಂಬ ವಾದವೇ ದಶಕಗಳ ಕಾಲ ನಡೆದದ್ದು. ಗಡಿಗೆ ಅಂಟಿಕೊಂಡು ಅದರ ಓಟಕ್ಕೆ ಲಗಾಮು ಹಾಕುತ್ತದೆ ಎಂದು ಕೆಲವರು, ರಂಧ್ರವೂ ಗಡಿಯ ಜೊತೆಗೇ ಸಾಗುವಂತೆ ಮಾಡುತ್ತದೆ ಎಂದು ಇನ್ನು ಕೆಲವರು.

ವಾದ ಮುಗಿಯುವವರೆಗೆ ದೀಪಗಳು ಕಾಯಲಿಲ್ಲ. ಬಿಸಿ ಸೋಡಿಯಂ ಆವಿ ಕ್ವಾರ್ಟ್ಸ್ ಗಾಜನ್ನು ತಿಂದುಹಾಕುತ್ತದೆ, ಅಲ್ಯುಮಿನಾವನ್ನಲ್ಲ. ಎಲ್‌ಇಡಿ ಬರುವ ಮುಂಚೆ ನಮ್ಮ ಊರಿನ ರಸ್ತೆಗಳನ್ನು ಹಳದಿಯಾಗಿಸಿದ್ದ ಸೋಡಿಯಂ ದೀಪಗಳೊಳಗೆ ಉರಿಯನ್ನು ಹಿಡಿದಿಟ್ಟುಕೊಂಡಿದ್ದುದು ಈ ಪಿಂಗಾಣಿಯ ಸಣ್ಣ ನಳಿಕೆ.